ಗಡಿಗೊಂದು ನಿಯಮ ಬೇಕು, ಈಗಲೇ

ಕೋವಿಡ್ ಮಾತು ತೆಗೆದರೆ ಈಗ ಮುಂಬೈಯಲ್ಲಿ ಯಾರೂ ಹೆಚ್ಚು ಹೊತ್ತು ಕೇಳಿಸಿಕೊಳ್ಳುವುದಿಲ್ಲ. ಲೋಕಲ್ ರೈಲು ಎಂದಿನಂತೆ ತುಂಬಿದೆ, ಮಾಸ್ಕ್ ಎಲ್ಲಿಟ್ಟಿದ್ದೇವೆಂದು ನೆನಪಿಲ್ಲ. ಜನ ಮರೆಯುವುದು ಸಹಜ. ಆದರೆ ಸರ್ಕಾರಗಳು ಮರೆಯುವಂತಿಲ್ಲ. ಹೊರನಾಡ ಕನ್ನಡಿಗರ ಪಾಲಿಗಂತೂ ಅಂದಿನ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಸಾಂಕ್ರಾಮಿಕ ರೋಗ ಬಂದಾಗ ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡವನು ಯಾರ ಹೊಣೆ?

ಮೊದಲು ಈ ನಗರಕ್ಕೆ ಸಲ್ಲಬೇಕಾದ ಮಾತು. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಪ್ರಕರಣ ಪತ್ತೆಯಾದಾಗ, ಅಲ್ಲಿ ಇನ್ನು ಏನೂ ಉಳಿಯದು ಎಂದವರೇ ಹೆಚ್ಚು. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಮನೆಗಳಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಮನೆಯೊಳಗೇ ಅಂತರ ಕಾಯ್ದುಕೊಳ್ಳಿ ಎಂದು ಅವರಿಗೆ ಹೇಳುವುದು ತಮಾಷೆಯಾಗುತ್ತಿತ್ತು. ಪಾಲಿಕೆಯ ಸಿಬ್ಬಂದಿ ಮತ್ತು ಸ್ಥಳೀಯ ವೈದ್ಯರು ಗಲ್ಲಿ ಗಲ್ಲಿಗೆ ಹೋಗಿ ಜ್ವರ ಇದ್ದವರನ್ನು ಹುಡುಕಿದರು. ಶಾಲೆ, ಸಭಾಭವನಗಳಲ್ಲಿ ಪ್ರತ್ಯೇಕ ವಾಸಕ್ಕೆ ಜಾಗ ಮಾಡಿ ಊಟ ಕೊಟ್ಟರು. ಆ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರೆತ್ತಿ ಹೊಗಳಿದರು.

ಪೂರ್ತಿ ಚಿತ್ರ ಅಷ್ಟು ಸುಂದರವಲ್ಲ. ಅದೇ ಜುಲೈನಲ್ಲಿ ಮಾಟುಂಗ, ಚೆಂಬೂರು ಪಶ್ಚಿಮ, ದಹಿಸರ್ ವಾರ್ಡುಗಳಲ್ಲಿ ನಡೆದ ರಕ್ತ ಸಮೀಕ್ಷೆಯಲ್ಲಿ ಕೊಳೆಗೇರಿಗಳ ಸುಮಾರು ಶೇ 57 ಜನರಿಗೆ ಆಗಲೇ ಸೋಂಕು ತಗುಲಿ ಹೋಗಿದ್ದು ತಿಳಿಯಿತು. ಕಟ್ಟಡಗಳಲ್ಲಿ ಇರುವವರಲ್ಲಿ ಅದು ಶೇ 16. ಒಂದೇ ವಾರ್ಡಿನಲ್ಲಿ, ಒಂದೇ ರಸ್ತೆಯ ಆಚೀಚೆ ಇಷ್ಟು ವ್ಯತ್ಯಾಸ. ರೋಗ ಎಲ್ಲರಿಗೂ ಸಮಾನ ಎಂಬ ಮಾತನ್ನು ಈ ಎರಡು ಅಂಕಿಗಳೇ ಸುಳ್ಳು ಮಾಡುತ್ತವೆ.

ಆದರೂ ಆಡಳಿತ ಕಲಿಯಿತು. 24 ವಾರ್ಡುಗಳಲ್ಲಿ ಒಂದೊಂದು ವಾರ್ ರೂಮ್ ಬಂತು. ಪರೀಕ್ಷೆಯ ಫಲಿತಾಂಶ ಪಾಲಿಕೆಯ ಮೂಲಕ ಆಯಾ ವಾರ್ಡಿಗೆ ಹೋಗಿ, ಹಾಸಿಗೆಯನ್ನು ವಾರ್ಡೇ ಗೊತ್ತುಮಾಡುವಂತಾಯಿತು. 2021ರ ಎರಡನೇ ಅಲೆಯಲ್ಲಿ ಆಮ್ಲಜನಕದ ವಿಷಯ ಬಂದಾಗ ಸುಪ್ರೀಂ ಕೋರ್ಟ್ ದೆಹಲಿಗೆ ಮುಂಬೈಯನ್ನು ನೋಡಿ ಕಲಿಯಲು ಹೇಳಿತು. ಈ ವ್ಯವಸ್ಥೆಯಲ್ಲಿ ನಾನು ಗಮನಿಸಿದ ದೊಡ್ಡ ಗುಣ ಒಂದೇ. ವಾರ್ಡು ನಿಮ್ಮ ಊರು ಯಾವುದು ಎಂದು ಕೇಳಲಿಲ್ಲ, ಈಗ ಎಲ್ಲಿದ್ದೀರಿ ಎಂದು ಕೇಳಿತು.

ಆ ಪ್ರಶ್ನೆಯನ್ನು ಕೇಳುವವರು ರಾಜ್ಯದ ಗಡಿಯಲ್ಲಿ ಇರಲಿಲ್ಲ. 2020ರ ಮೇ ಮಧ್ಯದಲ್ಲಿ ಕೇಂದ್ರದ ಗೃಹ ಸಚಿವಾಲಯ ಅಂತರರಾಜ್ಯ ಸಂಚಾರವನ್ನು ರಾಜ್ಯಗಳ ‘ಪರಸ್ಪರ ಒಪ್ಪಿಗೆ’ಗೆ ಬಿಟ್ಟಿತು. ಮರುದಿನವೇ, ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ತಿಂಗಳ ಕೊನೆಯವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಕರ್ನಾಟಕ ಪ್ರಕಟಿಸಿತು. ಅದಕ್ಕೆ ಕಾರಣವೇ ಇರಲಿಲ್ಲ ಎಂದು ನಾನು ಹೇಳಲಾರೆ. ಉಡುಪಿ, ಮಂಡ್ಯ ಜಿಲ್ಲೆಗಳಲ್ಲಿ ಆಗ ಪತ್ತೆಯಾಗುತ್ತಿದ್ದ ಪ್ರಕರಣಗಳಲ್ಲಿ ಹೆಚ್ಚಿನವು ಮುಂಬೈಯಿಂದ ಹೋದವರವೇ. ಕ್ವಾರಂಟೈನ್ ಬೇಕಿತ್ತು. ಬೇಡವಾಗಿದ್ದುದು ಬಾಗಿಲು ಹಾಕುವುದು.

ನಾನು ಲೆಕ್ಕಪತ್ರದ ಕೆಲಸದವನು, ಚೆಂಬೂರಿನ ವಾಸಿ. ಫಾರ್ಮ್ ತುಂಬುವುದು ಅಭ್ಯಾಸವಾದ್ದರಿಂದ ಆ ಮೇ ತಿಂಗಳು ನಮ್ಮ ಕಡೆಯ ಹೋಟೆಲ್ ಹುಡುಗರಿಗೆ ಊರಿಗೆ ಹೋಗುವ ಪಾಸಿನ ಅರ್ಜಿ ತುಂಬಿಕೊಡುತ್ತಿದ್ದೆ. ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯವರು. ಹೋಟೆಲ್ ಮುಚ್ಚಿತ್ತು, ಸಂಬಳ ನಿಂತಿತ್ತು, ಮಲಗುವುದು ಹೋಟೆಲಿನದೇ ಅಟ್ಟದಲ್ಲಿ. ಗಡಿ ಬಂದ್ ಸುದ್ದಿ ಬಂದ ದಿನ ಅವರಲ್ಲೊಬ್ಬ ಕೇಳಿದ, ‘ಅಣ್ಣಾ, ನನ್ನ ವೋಟು ಊರಲ್ಲೇ ಉಂಟು. ಆದ್ರೂ ಊರಿಗೆ ಹೋಗ್ಲಿಕ್ಕಿಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಂಥ ಸಂಬಳದವರು ಮನೆಯಿಂದಲೇ ಕೆಲಸ ಮಾಡಿ ಕಾಲ ತಳ್ಳಿದೆವು. ಅವರಿಗೆ ಮನೆ ಎಂದರೆ ಊರೇ.

ಇದು ಮುಂಬೈಯವರ ಪಾಡು ಮಾತ್ರ ಅಲ್ಲ. ಅದಕ್ಕೂ ಮೊದಲು ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ಅವರಲ್ಲಿ ಕನ್ನಡಿಗರೂ ಇದ್ದರು. ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಆಂಬುಲೆನ್ಸ್ ಬಿಡಬೇಕೋ ಬೇಡವೋ ಎಂಬುದು ಕೋರ್ಟ್ ತೀರ್ಮಾನಿಸುವ ಪ್ರಶ್ನೆಯೇ?

ಸಂವಿಧಾನ ಬರೆದವರಿಗೆ ಇದರ ಅಂದಾಜು ಇತ್ತು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯಪಟ್ಟಿಯಲ್ಲಿವೆ. ಆದರೆ ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನ್ ಕೇಂದ್ರಪಟ್ಟಿಯ 81ನೇ ವಿಷಯ. ಅಂದರೆ ಗಡಿಯಲ್ಲಿ ನಿಂತವನ ಬಗ್ಗೆ ನಿಯಮ ಮಾಡುವ ಅಧಿಕಾರ ದೆಹಲಿಗಿದೆ. ಹಾಗಿದ್ದೂ 2020ರಲ್ಲಿ ರಾಜ್ಯಗಳ ಕೈಯಲ್ಲಿ ಇದ್ದದ್ದು ಬ್ರಿಟಿಷರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದು ಹುಟ್ಟಿದ್ದೂ ಇದೇ ಮುಂಬೈಯ ಪ್ಲೇಗ್‌ನಿಂದ. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ರೋಗಕ್ಕೆ ಹೆದರಿ ಜನ ನಗರ ಬಿಟ್ಟು ಓಡಿದರು. ರೈಲಿನ ದಾರಿ ಹಿಡಿದ ಪ್ಲೇಗ್ ಹುಬ್ಬಳ್ಳಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ನಾಲ್ಕೇ ಸೆಕ್ಷನ್‌ಗಳ ಆ ಕಾಯ್ದೆ ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡಲು, ಬೇರೆ ಇಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ತಡೆದವನಿಗೆ ಊಟ, ಔಷಧ, ಮಾಹಿತಿ ಕೊಡುವ ಕರ್ತವ್ಯದ ಬಗ್ಗೆ ಒಂದು ಮಾತೂ ಅದರಲ್ಲಿರಲಿಲ್ಲ. 2020ರಲ್ಲಿ ಆದ ತಿದ್ದುಪಡಿಯ ಮುಖ್ಯ ಉದ್ದೇಶ ಆರೋಗ್ಯ ಸಿಬ್ಬಂದಿಯ ರಕ್ಷಣೆ. ಅದು ಅಗತ್ಯವೇ ಆಗಿತ್ತು. ಗಡಿಯಲ್ಲಿ ನಿಂತವನು ಮಾತ್ರ ಅಲ್ಲೇ ನಿಂತ.

ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ, ಶಾಂತಿಕಾಲದಲ್ಲೇ ಬರೆದಿಟ್ಟ ನಿಯಮ. ಒಂದು, ರೋಗಿ, ಬಾಣಂತಿ, ಸಾವಿನ ಮನೆಗೆ ಹೋಗುವವರನ್ನು ಯಾವ ಗಡಿಯಲ್ಲೂ ತಡೆಯಬಾರದು. ಎರಡು, ಊರಿಗೆ ಮರಳುವವನನ್ನು ಪರೀಕ್ಷಿಸಿ, ಕ್ವಾರಂಟೈನ್‌ನಲ್ಲಿಟ್ಟು ಒಳಗೆ ಬಿಡಬೇಕೇ ಹೊರತು ಹಿಂದಕ್ಕೆ ಅಟ್ಟಬಾರದು. ಅದರ ಖರ್ಚು ಯಾರದೆಂದು ಮೊದಲೇ ಗೊತ್ತಾಗಬೇಕು. ಮೂರು, ನಿಯಮ ಬದಲಾದರೆ ಜಾರಿಗೆ ಮುನ್ನ ಕೆಲವು ದಿನದ ಕಾಲಾವಕಾಶ ಇರಬೇಕು. ಆಗಲೇ ಬಸ್ಸು ಹತ್ತಿದವನು ನಿಪ್ಪಾಣಿಯ ಚೆಕ್‌ಪೋಸ್ಟಿನಲ್ಲಿ ಹೊಸ ಆದೇಶ ಓದುವಂತಾಗಬಾರದು. ನಾಲ್ಕು, ಹೊರಟ ಊರಿನ ವಾರ್ಡು ಮತ್ತು ತಲುಪುವ ಜಿಲ್ಲೆಯ ನಡುವೆ ಮಾಹಿತಿ ಹರಿಯಬೇಕು. ಇವರು ಬರುತ್ತಿದ್ದಾರೆ ಎಂದು ಮೊದಲೇ ತಿಳಿದ ಜಿಲ್ಲೆ ಅವರಿಗೆ ಹೆದರುವುದಿಲ್ಲ, ತಯಾರಾಗುತ್ತದೆ.

2022ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ‘ಆಪ್ಲಾ ದವಾಖಾನಾ’ಗಳು ಶುರುವಾದವು. ಮರುತಿಂಗಳೇ ಕರ್ನಾಟಕದಲ್ಲಿ ‘ನಮ್ಮ ಕ್ಲಿನಿಕ್’ ಬಂತು. ಎರಡೂ ಒಳ್ಳೆಯ ಕೆಲಸ, ಎರಡೂ ಹೆಸರಿನ ಅರ್ಥ ಒಂದೇ. ಈ ಎರಡು ‘ನಮ್ಮ’ಗಳ ನಡುವೆ ಇರುವ ಲಕ್ಷಾಂತರ ಜನರಿಗೂ ಒಂದು ಲಿಖಿತ ಭರವಸೆ ಬೇಕು.

ಅದನ್ನು ಕೇಳಬೇಕಾದವರು ನಾವೇ. ಊರಿನಲ್ಲಿ ವೋಟಿದ್ದರೂ ಬಹಳ ಮಂದಿ ಹಾಕಲು ಹೋಗುವುದಿಲ್ಲ, ಇಲ್ಲಿ ಹೆಸರು ಸೇರಿಸುವುದೂ ಇಲ್ಲ. ಹಾಗಾಗಿ ನಮ್ಮ ದನಿ ಎರಡೂ ಕಡೆ ಕೇಳುವುದಿಲ್ಲ. ಮುಂಬೈ, ಠಾಣೆ, ಡೊಂಬಿವಲಿಯ ಕನ್ನಡ ಸಂಘಗಳಿಗೆ ಮಾತ್ರ ಆ ಶಕ್ತಿ ಇದೆ. ರಾಜ್ಯೋತ್ಸವಕ್ಕೆ ಊರಿನಿಂದ ಸಚಿವರು, ಶಾಸಕರು ಬಂದೇ ಬರುತ್ತಾರೆ. ಈ ಬಾರಿ ಶಾಲು ಹೊದಿಸುವ ಮುನ್ನ ಅವರ ಕೈಗೆ ಈ ಮನವಿ ಕೊಡೋಣ.