ಹೆಸರು ಸರಿಯಿದೆ, ನಿಯಮ ತಪ್ಪಿದೆ

ಆನ್‌ಲೈನ್ ಅರ್ಜಿಯಲ್ಲಿ ಹೆಸರು ತುಂಬಿದೊಡನೆ ‘ಸರಿಯಾದ ಹೆಸರು ನಮೂದಿಸಿ’ ಎಂದು ಕೆಂಪಕ್ಷರ ಮೂಡಿದರೆ, ತಪ್ಪು ತಮ್ಮದೇ ಎಂದುಕೊಳ್ಳುವವರೇ ಹೆಚ್ಚು. ಆ ತೀರ್ಪಿನ ಹಿಂದಿರುವುದು ಪ್ರೋಗ್ರಾಮರ್ ಬರೆದ ನಾಲ್ಕಾರು ಸಾಲಿನ ವ್ಯಾಲಿಡೇಟರ್. ಆ್ಯಂಗ್ಯುಲರ್‌ನಂಥ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ಇದೊಂದು ಪುಟ್ಟ ಫಂಕ್ಷನ್: ತುಂಬಿದ್ದು ಸರಿಯಿದ್ದರೆ ‘ನಲ್’ ಎನ್ನುತ್ತದೆ, ಇಲ್ಲವಾದರೆ ದೋಷದ ವಿವರ ಕೊಡುತ್ತದೆ. ಖಾಲಿ ಬಿಡಬಾರದು, ಇಷ್ಟು ಉದ್ದ ಮೀರಬಾರದು ಎಂಬಂಥ ಸಿದ್ಧ ನಿಯಮಗಳು ಫ್ರೇಮ್‌ವರ್ಕ್‌ನಲ್ಲೇ ಸಿಗುತ್ತವೆ. ಮಿಕ್ಕದ್ದು ಬರೆಯುವವರ ವಿವೇಚನೆ. ಆ ವಿವೇಚನೆಗೆ ಒಂದು ಮಿತಿ ಬೇಕು. ತಪ್ಪೆಂದು ಸಾಬೀತು ಮಾಡಬಲ್ಲುದನ್ನು ಮಾತ್ರ ವ್ಯಾಲಿಡೇಟರ್ ತಡೆಯಬೇಕು; ಸಂಶಯದ ಲಾಭ ಅರ್ಜಿದಾರರಿಗೇ ಸಲ್ಲಬೇಕು.

ಸಾಬೀತು ಮಾಡಬಲ್ಲ ಸಂಗತಿಗಳು ಬೇಕಾದಷ್ಟಿವೆ. ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ವರ್ಹೋಫ್ ಸೂತ್ರದಿಂದ ಬಂದ ತಾಳೆ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಅರ್ಜಿ ಸರ್ವರ್ ಮುಟ್ಟುವ ಮೊದಲೇ ಅದು ಪತ್ತೆಯಾಗುತ್ತದೆ. ಪಿನ್‌ಕೋಡ್‌ಗೆ ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ. ಇಂಥ ಕಡೆ ಸ್ವಂತ ವ್ಯಾಲಿಡೇಟರ್ ಬರೆಯುವುದು ಜನರಿಗೆ ಮಾಡುವ ಉಪಕಾರವೇ ಸರಿ. ಆದರೆ ಹೆಸರಿಗೆ ತಾಳೆ ಅಂಕಿ ಇಲ್ಲ. ಅದು ಹೀಗೇ ಇರಬೇಕೆಂಬ ಕಟ್ಟಳೆಯೂ ಇಲ್ಲ.

ಆದರೂ ಹೆಸರಿನ ಕಾಲಂನಲ್ಲಿ ‘ಎ’ಯಿಂದ ‘ಝಡ್’ವರೆಗಿನ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಪ್ಪುವ ನಿಯಮ ಬರೆಯುವುದು ರೂಢಿ. ಯಾವುದೇ ಲಿಪಿಯ ಅಕ್ಷರವನ್ನು ಗುರುತಿಸುವ ಸೌಲಭ್ಯ 2018ರಲ್ಲೇ ಜಾವಾಸ್ಕ್ರಿಪ್ಟ್ ಮಾನಕಕ್ಕೆ ಸೇರಿತು. ಅದನ್ನೂ ಅರ್ಧ ತಿಳಿದು ಬಳಸಿದರೆ ವಿಚಿತ್ರ ಫಲ ಸಿಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಸ್ವರ, ವ್ಯಂಜನಗಳು ‘ಅಕ್ಷರ’ ವರ್ಗಕ್ಕೆ ಸೇರಿದರೆ, ಗುಣಿತದ ಚಿಹ್ನೆಗಳೂ ಒತ್ತಕ್ಷರ ಮೂಡಿಸುವ ವಿರಾಮವೂ ‘ಚಿಹ್ನೆ’ ಎಂಬ ಬೇರೆ ವರ್ಗದಲ್ಲಿವೆ. ಅಕ್ಷರಗಳನ್ನಷ್ಟೇ ಒಪ್ಪುವ ವ್ಯಾಲಿಡೇಟರ್ ‘ಕಮಲ’ನನ್ನು ಒಳಗೆ ಬಿಟ್ಟು ‘ಕಮಲಾ’ಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಉದ್ದದ ಲೆಕ್ಕವೂ ಹಾಗೆಯೇ: ನಮ್ಮ ಕಣ್ಣಿಗೆ ನಾಲ್ಕು ಅಕ್ಷರದ ‘ಕೃಷ್ಣಮೂರ್ತಿ’ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ 11. ಇನ್ನು ಮೊಬೈಲ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆದರೆ, ಒಂದೇ ಸಾಲಿನಲ್ಲಿ ಪರಿವರ್ತಿಸಿಕೊಳ್ಳಬಹುದಾದದ್ದನ್ನು ‘ಅಂಕಿಯೇ ಅಲ್ಲ’ ಎಂದು ತಳ್ಳಿಹಾಕಲಾಗುತ್ತದೆ. ಲಿಪಿಯ ತೊಡಕು ದಾಟಿದರೂ ‘ಕೊನೆಯ ಹೆಸರು ಕಡ್ಡಾಯ’ ಎಂಬ ನಿಯಮ ಕಾದಿರುತ್ತದೆ. ಊರು, ತಂದೆಯ ಹೆಸರುಗಳ ಇನಿಷಿಯಲ್ ಹಿಂದಿಟ್ಟುಕೊಂಡು ಒಂದೇ ಹೆಸರಿನಲ್ಲಿ ಬಾಳುವ ನಾಡಿನಲ್ಲಿ ಆ ಕಾಲಂಗೆ ಏನು ಬರೆಯಬೇಕು? ಚುಕ್ಕಿಯನ್ನೋ ಇನಿಷಿಯಲ್ಲನ್ನೋ ತುಂಬಿ ಪಾರಾಗಬೇಕು. ಶುದ್ಧ ಮಾಹಿತಿಗಾಗಿ ಇಟ್ಟ ನಿಯಮವೇ ಹೀಗೆ ಸುಳ್ಳು ಮಾಹಿತಿ ಬರೆಸುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಬಿಗಿ ನಿಯಮವಿಲ್ಲದಿದ್ದರೆ ಹ್ಯಾಕರ್‌ಗಳು ಹೆಸರಿನ ಕಾಲಂ ಮೂಲಕವೇ ಡೇಟಾಬೇಸ್‌ಗೆ ನುಗ್ಗುತ್ತಾರೆ ಎಂಬುದು ಮೊದಲನೆಯದು. ಆದರೆ ಬ್ರೌಸರ್‌ನ ವ್ಯಾಲಿಡೇಟರನ್ನು ಬದಿಗೊತ್ತಿ ಸರ್ವರ್‌ಗೆ ನೇರವಾಗಿ ಮಾಹಿತಿ ಕಳಿಸಲು ಯಾರಿಗೂ ಅಡ್ಡಿಯಿಲ್ಲ. ರಕ್ಷಣೆ ಇರಬೇಕಾದ್ದು ಸರ್ವರ್‌ನ ಮರುಪರಿಶೀಲನೆಯಲ್ಲಿ, ಡೇಟಾಬೇಸ್‌ನ ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ಕಳಿಸುವ ಕ್ರಮದಲ್ಲಿ. ಬ್ಯಾಂಕು, ಪಾಸ್‌ಪೋರ್ಟ್ ದಾಖಲೆಗಳಿಗೆ ಇಂಗ್ಲಿಷ್ ಹೆಸರೇ ಬೇಕಲ್ಲ ಎಂಬ ಎರಡನೆಯ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ‘ದಾಖಲೆಯಲ್ಲಿರುವಂತೆ ಇಂಗ್ಲಿಷ್‌ನಲ್ಲಿ’ ಎಂದು ಸ್ಪಷ್ಟವಾಗಿ ಕೇಳಲಿ. ಕನ್ನಡದ ಹೆಸರನ್ನು ‘ಸರಿಯಲ್ಲ’ ಎನ್ನುವುದು ಬೇಡ. ಬಾಯಿಗೆ ಬಂದದ್ದನ್ನು ತುಂಬಿದರೇನು ಗತಿ ಎಂಬುದು ಮೂರನೆಯದು. ಸುಳ್ಳು ಹೇಳುವವರು ಇಂಗ್ಲಿಷ್ ಅಕ್ಷರಗಳಲ್ಲೂ ಸುಳ್ಳು ಹೇಳಬಲ್ಲರು. ಅದನ್ನು ಹಿಡಿಯುವುದು ದಾಖಲೆ ಪರಿಶೀಲನೆಯ ಕೆಲಸ.

ಹಾಗಾಗಿ ಸಾರ್ವಜನಿಕ ಸೇವೆಯ ಜಾಲತಾಣ ಕಟ್ಟಿಸುವವರು ಗುತ್ತಿಗೆಯಲ್ಲೇ ಒಂದು ಷರತ್ತು ಸೇರಿಸಲಿ. ಒತ್ತಕ್ಷರದ ಹೆಸರು, ಒಂಟಿ ಹೆಸರು, ಚುಕ್ಕಿಯುಳ್ಳ ಇನಿಷಿಯಲ್, ಕನ್ನಡ ಅಂಕಿ ಇವೆಲ್ಲ ಪರೀಕ್ಷೆಯಲ್ಲಿ ಪಾಸಾಗದ ಹೊರತು ಅರ್ಜಿ ನಮೂನೆಯನ್ನು ಜನರ ಮುಂದಿಡಬಾರದು. ನಿಜವಾಗಿ ತಪ್ಪು ಸಿಕ್ಕಾಗ, ಏನು ತಪ್ಪಿದೆ, ಹೇಗೆ ತಿದ್ದಬೇಕು ಎಂಬುದನ್ನು ವ್ಯಾಲಿಡೇಟರ್ ಕನ್ನಡದಲ್ಲೇ ಹೇಳಬೇಕು.