ಮೈಸೂರು ಮರೆತ ದ್ವೀಪಗಳು ಮತ್ತು ಹೊಲಿದ ಹಡಗುಗಳು

ಶ್ರೀರಂಗಪಟ್ಟಣದ ಕೋಟೆಯನ್ನು ನೋಡದ ಮೈಸೂರಿನ ವಿದ್ಯಾರ್ಥಿ ಇರಲಾರನು. ಆದರೆ ಅರಬ್ಬೀ ಸಮುದ್ರದ ಕೆಲವು ಹವಳದ ದ್ವೀಪಗಳು ಒಮ್ಮೆ ಆ ಕೋಟೆಯ ಆಳ್ವಿಕೆಗೆ ಒಳಪಟ್ಟಿದ್ದುವೆಂಬುದು ಬಹುಮಂದಿಗೆ ತಿಳಿಯದು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತ ಅಮಿನಿ ದ್ವೀಪದವರು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಅಮಿನಿ ಗುಂಪಿನ ದ್ವೀಪಗಳು ಅವನ ವಶಕ್ಕೆ ಬಂದುವು. 1799ರ ಬಳಿಕ ಅವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದುವು. 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಹೋಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುವು. ಇಂದಿನ ಲಕ್ಷದ್ವೀಪದಲ್ಲಿ ಅವು ಅಡಗಿವೆ.

ಈ ಸಂಬಂಧವನ್ನು ಜೀವಂತವಾಗಿರಿಸಿದುದು ರಾಜರಲ್ಲ, 'ಓಡ' ಎಂಬ ಹಾಯಿಹಡಗು. ತೆಂಗಿನ ನಾರನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುವುದು ಅದರ ಕೆಲಸ. ನಾರಿನ ಏಕಸ್ವಾಮ್ಯ ಸರ್ಕಾರದ್ದಾಗಿತ್ತು. ದ್ವೀಪದವನಿಗೆ ಬೆಲೆಯ ಮಾತಾಡುವ ಅವಕಾಶವೆಲ್ಲಿ? ಆದರೂ ಅದೇ ನಾರೇ ಅವನ ಹಡಗಿನ ಹಲಗೆಗಳನ್ನೂ ಹೊಲಿದು ಹಿಡಿದಿತ್ತು. ಮೊಳೆ ಹೊಡೆದ ಹಡಗಿನಲ್ಲಿ ಅಲೆಯ ಬಡಿತದ ಒತ್ತಡವೆಲ್ಲ ಮೊಳೆಯ ಸುತ್ತಲೇ ಸೇರಿಕೊಳ್ಳುತ್ತದೆ. ಹೊಲಿದ ಹಡಗಿನಲ್ಲಿ ಅದು ಉದ್ದಕ್ಕೂ ಹಂಚಿಹೋಗುತ್ತದೆ. ತೆಂಗಿನ ನಾರಾದರೋ, ಹರಿಯುವ ಮುನ್ನ ಸೆಣಬಿಗಿಂತ ಹಲವು ಪಟ್ಟು ಹಿಗ್ಗಬಲ್ಲುದು.

ಗಾಳಿಯ ವಿಷಯ ಇನ್ನೂ ಸ್ವಾರಸ್ಯವಾದುದು. ಅಮಿನಿಯಿಂದ ಮಂಗಳೂರು ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರು. ಬೇಸಗೆಯಲ್ಲಿ ಅಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ವಾಯವ್ಯದಿಂದ. ಆದುದರಿಂದ ಹೋಗುವಾಗ ಅದು ಎಡಮಗ್ಗುಲಿಗೆ ತಗಲುತ್ತದೆ, ಮರಳುವಾಗ ಬಲಮಗ್ಗುಲಿಗೆ. ಒಂದೇ ಗಾಳಿ ಎರಡೂ ಪ್ರಯಾಣಗಳಿಗೆ ಒದಗುತ್ತದೆ! ಓರೆಯಾಗಿ ಕಟ್ಟಿದ ಹಾಯಿಯ ಮೇಲಣ ಬಲವನ್ನು ಎರಡು ಘಟಕಗಳಾಗಿ ಬಿಡಿಸಿ ನೋಡಿ. ಪಕ್ಕಕ್ಕೆ ತಳ್ಳುವ ಘಟಕವನ್ನು ನೀರೊಳಗಿನ ಒಡಲು ಬಹುಮಟ್ಟಿಗೆ ತಡೆಯುತ್ತದೆ; ಮುಂದಕ್ಕೆಳೆಯುವ ಘಟಕ ಉಳಿಯುತ್ತದೆ. ನದಿ ದಾಟುವ ದೋಣಿಯ ಲೆಕ್ಕವನ್ನೇ ವರ್ಷವರ್ಷವೂ ಕೊಡುವ ನಮ್ಮ ಪಠ್ಯಪುಸ್ತಕಗಳು ಇದನ್ನೇಕೆ ಕೊಡುವುದಿಲ್ಲವೋ ನಾನರಿಯೆ.

ಯಂತ್ರದ ದೋಣಿಗಳು ಬಂದ ಮೇಲೆ ಓಡಗಳ ಕಾಲ ಮುಗಿಯಿತು. ಅದಕ್ಕಾಗಿ ಮರುಗುವುದು ಸಲ್ಲದು. ಬಿರುಗಾಳಿಯ ದಿನ ಯಂತ್ರವೇ ಮೇಲು. ನನ್ನ ಆಕ್ಷೇಪ ಬೇರೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹೊಲಿದ ಹಡಗೇ. ಆದರೆ ಅದರ ನಕ್ಷೆಯನ್ನು ಅಜಂತಾದ 5ನೆಯ ಶತಮಾನದ ವರ್ಣಚಿತ್ರವೊಂದರಿಂದ ಊಹಿಸಬೇಕಾಯಿತು. ಮದರಾಸಿನ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಬೇಕಾಯಿತು. ಹಳೆಯ ನಕ್ಷೆ ಒಂದೂ ಉಳಿದಿರಲಿಲ್ಲ. ಹೊಲಿಯುವ ಕೈಗಳು ಕೇರಳದಲ್ಲಿ ಉಳಿದಿದ್ದುದು ನಮ್ಮ ಪುಣ್ಯ.

ಕರಾವಳಿಯಲ್ಲಿಯೂ ದ್ವೀಪಗಳಲ್ಲಿಯೂ ಉಳಿದಿರುವ ಹಳೆಯ ದೋಣಿಗಳನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈಗಲೇ ಅಳೆಯಬೇಕು. ಅಳತೆಪಟ್ಟಿ, ತೂಗುಗುಂಡು, ಗ್ರಾಫ್ ಕಾಗದ ಇಷ್ಟಿದ್ದರೆ ಸಾಕು. ಒಡಲಿನ ಅಡ್ಡಕೊಯ್ತವನ್ನು ಅಡಿಗೊಂದರಂತೆ ಗುರುತಿಸಿಕೊಳ್ಳಲಿ. ಹಲಗೆಯ ದಪ್ಪವನ್ನೂ ಎರಡು ಹೊಲಿಗೆಗಳ ನಡುವಣ ಅಂತರವನ್ನೂ ಬರೆದಿಡಲಿ. ದೋಣಿ ಕಟ್ಟಿದ ಮುದುಕರಿದ್ದರೆ, ಮೊದಲು ಅವರ ಮಾತನ್ನು ಬರೆದುಕೊಳ್ಳಲಿ. ದೋಣಿಯನ್ನು ಮಾರನೆಯ ದಿನ ಅಳೆಯಬಹುದು.