ತಲೆ ಎಣಿಸಿದರೆ ಶಾಲೆಯ ಲೆಕ್ಕ ಮುಗಿಯಿತೆ?

ಸಯನ್ ಆಸುಪಾಸಿನ ಒಂದು ಸಣ್ಣ ಕನ್ನಡ ಶಾಲೆಗೆ ಕಳೆದ ತಿಂಗಳು ನಾವು ಹೋಗಿದ್ದೆವು. ನಾಲ್ಕನೆಯ ತರಗತಿಯಲ್ಲಿ ಐದು ಮಕ್ಕಳು. ಅದೇ ಕೋಣೆಯ ಇನ್ನೊಂದು ಬದಿಗೆ ಮೂರನೆಯ ತರಗತಿ. ಅಲ್ಲಿ ಏಳು ಮಕ್ಕಳು. ಎರಡಕ್ಕೂ ಒಬ್ಬರೇ ಟೀಚರು. ನಾಲ್ಕನೆಯವರಿಗೆ ಭಾಗಾಕಾರ ಹೇಳಿಕೊಡುವಾಗ ಮೂರನೆಯವರು ಕಾಪಿ ಬರೆಯಬೇಕು. ಮೂರನೆಯವರು ಪಾಠ ಓದುವಾಗ ನಾಲ್ಕನೆಯವರು ಸುಮ್ಮನೆ ಕೂರಬೇಕು. ಹೋಟೆಲಿನಲ್ಲಿ ಒಬ್ಬನೇ ಮಾಣಿ ಎರಡು ಸಾಲಿನ ಮೇಜು ನೋಡಿಕೊಂಡ ಹಾಗೆ. ಕೆಲಸವೇನೋ ನಡೆಯುತ್ತದೆ, ಆದರೆ ಯಾವುದೋ ಒಂದು ಮೇಜಿನ ಕಾಫಿ ಆರಿಯೇ ಹೋಗುತ್ತದೆ.

ಹೊರಗೆ ಬಂದಾಗ ಜೊತೆಗಿದ್ದ ಮಿತ್ರರೊಬ್ಬರು, "ಐದು ಮಕ್ಕಳಿಗೆ ಒಂದು ತರಗತಿ ಯಾಕೆ ಮಾರಾಯ್ರೆ? ಮುಚ್ಚಿಬಿಡಲಿ" ಎಂದರು. ನಮ್ಮವರಲ್ಲಿ ಬಹಳ ಮಂದಿ ಈ ಮಾತು ಆಡುತ್ತಾರೆ. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಕಾನೂನು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. ಕಾಗದದ ಮೇಲೆ ಇದು ಸರಿ. ಆದರೆ ನಲವತ್ತು ಮಕ್ಕಳು ನಾಲ್ಕು ತರಗತಿಗಳಲ್ಲಿ ಹಂಚಿಹೋದಾಗ ಇಬ್ಬರು ಶಿಕ್ಷಕರು ಏನು ಮಾಡಬೇಕು? ಮಗುವಿಗೆ ಸಿಗುವುದು ಅರ್ಧ ಪಾಠ. ಅರ್ಧ ಪಾಠ ಕೇಳಿದ ಮಗು ಲೆಕ್ಕದಲ್ಲಿ ಹಿಂದೆ ಬಿದ್ದರೆ ತಪ್ಪು ಕನ್ನಡದ್ದೂ ಅಲ್ಲ, ಮಗುವಿನ ಬುದ್ಧಿಯದೂ ಅಲ್ಲ.

ಇನ್ನು ಫಲಿತಾಂಶದ ಮಾತು. ನೂರಕ್ಕೆ ಎಷ್ಟು ಎಂದು ಕೇಳುವುದು ದೊಡ್ಡ ಶಾಲೆಗೆ ಸರಿ. ಐದು ಮಕ್ಕಳಲ್ಲಿ ಒಬ್ಬ ಜ್ವರದಿಂದ ಮಲಗಿ ಪರೀಕ್ಷೆ ಕೆಡಿಸಿಕೊಂಡರೂ ಶಾಲೆಯ ಫಲಿತಾಂಶ ನೂರಕ್ಕೆ ಇಪ್ಪತ್ತು ಇಳಿಯಿತು! ಮರುವರ್ಷ ಐವರೂ ಪಾಸಾದರೆ ನೂರಕ್ಕೆ ನೂರು. ಅಷ್ಟಕ್ಕೆ ಶಾಲೆ ಕೆಟ್ಟಿತೆಂದೂ ಹೇಳಲಾಗದು, ಸುಧಾರಿಸಿತೆಂದೂ ಹೇಳಲಾಗದು. ನೂರಕ್ಕೆ ನೂರೆಂದು ಹಾರ ಹಾಕಿಸಿಕೊಳ್ಳುವ ಶಾಲೆಗಳನ್ನೂ ನಾವು ಕೇಳಬೇಕು: ಒಂದನೆಯ ತರಗತಿಗೆ ಸೇರಿದವರು ಎಷ್ಟು, ಪರೀಕ್ಷೆಗೆ ಕೂತವರು ಎಷ್ಟು, ನಡುವೆ ಬಿಟ್ಟುಹೋದವರು ಎಲ್ಲಿದ್ದಾರೆ?

ಬಿಟ್ಟುಹೋದವರು ಯಾರೆಂದು ನಮಗೆ ಗೊತ್ತಿದೆ. ಇಂದು ಈ ಊರಿನ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು. ತಂದೆ ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುವವನು. ತಾಯಿ ಕಟ್ಟಡದಲ್ಲಿ ಬುಟ್ಟಿ ಹೊರುವವಳು. ಒಂದು ಕಟ್ಟಡ ಮುಗಿದರೆ ಬಿಡಾರ ಇನ್ನೊಂದು ಕಡೆ. ಊರಿನಲ್ಲಿ ಜಾತ್ರೆ ಬಂದರೆ, ಬಿತ್ತನೆ ಬಂದರೆ ಮಗುವೂ ಜೊತೆಗೆ ಗಾಡಿ ಹತ್ತುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಬೆಂಚು ಖಾಲಿಯಾಗುತ್ತದೆ. ಹತ್ತಿರದ ಕನ್ನಡ ಶಾಲೆ ಮುಚ್ಚಿ ದೂರದ ಶಾಲೆಗೆ ಸೇರಿಸಿದರೆ, ಏಳು ವರ್ಷದ ಹುಡುಗಿಯನ್ನು ಹೆದ್ದಾರಿ ದಾಟಿಸುವವರು ಯಾರು?

ನಾವು ಊರಿನಲ್ಲಿ ಏಳನೆಯದು ಮುಗಿಸಿ ಮುಂಬಯಿಯ ಗಾಡಿ ಹತ್ತಿದವರು. ಮನೆಯ ಮಾತು ತುಳು. ಕನ್ನಡ ನಮಗೆ ಶಾಲೆ ಕೊಟ್ಟ ಭಾಷೆ. ನಮಗಿಂತ ಹಿರಿಯರು ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಕಚೇರಿ ಸೇರಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಅಂಥ ರಾತ್ರಿ ಶಾಲೆಗಳನ್ನು ನಡೆಸಿದವು. ಆ ಏಣಿ ಹತ್ತಿ ಮೇಲೆ ಬಂದವರು ನಾವೆಲ್ಲ. ಈಗ ಮೇಲೆ ನಿಂತು, ಏಣಿ ಹಳತಾಯಿತು, ತೆಗೆದುಬಿಡಿ ಎನ್ನುತ್ತಿದ್ದೇವೆ.

ಒಂದು ಮಾತು ಮುಚ್ಚಿಡಬಾರದು. ನಮ್ಮ ಮಗಳನ್ನೂ ನಾವು ಇಂಗ್ಲಿಷ್ ಶಾಲೆಗೇ ಸೇರಿಸಿದ್ದೇವೆ. ಧಣಿಗಳ ಮುಂದೆ ನಿಂತು ಇಂಗ್ಲಿಷ್ ಬಾರದೆ ತಲೆ ತಗ್ಗಿಸಿದ ದಿನ ನೆನಪಿದ್ದವನಿಗೆ ಬೇರೆ ಬುದ್ಧಿ ಹೊಳೆಯಲಿಲ್ಲ. ಹಾಗಾಗಿ ಯಾರ ಮೇಲೂ ಕಲ್ಲೆಸೆಯುವ ಹಕ್ಕು ನಮಗಿಲ್ಲ. ಆದರೆ ನಮ್ಮ ಮಕ್ಕಳು ಹೋಗದ ಶಾಲೆಯನ್ನು ಮುಚ್ಚಲು ಹೇಳುವ ಹಕ್ಕೂ ನಮಗಿಲ್ಲ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಈ ಆಟ ಹೊಸದಲ್ಲ. ಹತ್ತಿ ಕೊಡದೆ, ಯಂತ್ರ ರಿಪೇರಿ ಮಾಡದೆ, ಖಾತೆ ಖಾಲಿ ಬಿಟ್ಟು, ಕೊನೆಗೆ ಗಿರಣಿ ನಷ್ಟದಲ್ಲಿದೆ ಎಂದರೆ ಅದು ಎಂಥ ಲೆಕ್ಕ? 1982ರ ಮುಷ್ಕರದ ನಂತರ ಒಂದೊಂದೇ ಭೋಂಗಾ ನಿಂತಿತು. ಚಾಳು ಬಿಟ್ಟ ಸಂಸಾರಗಳು ಡೊಂಬಿವಲಿ, ವಿರಾರ್ ಕಡೆ ಸರಿದವು. ಶಾಲೆಯ ಮಕ್ಕಳು ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣ. ಟೀಚರು ಕೊಡದೆ, ಇಂಗ್ಲಿಷ್ ಸರಿಯಾಗಿ ಕಲಿಸದೆ, ಮಕ್ಕಳು ಬರುವುದಿಲ್ಲ ಎಂದರೆ ಇದೂ ಅದೇ ಲೆಕ್ಕ.

ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಹೀಗೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಇದು ಈ ನಗರಕ್ಕೆ ಶೋಭೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸುವ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ನಾವು ದಾನ ಬೇಡುತ್ತಿಲ್ಲ.

ನಮ್ಮ ಬೇಡಿಕೆ ಮೂರೇ. ಮಕ್ಕಳು ಎಷ್ಟೇ ಇರಲಿ, ಎರಡು ತರಗತಿಗೆ ಒಬ್ಬರೇ ಟೀಚರು ಎಂಬ ಪದ್ಧತಿ ಹೋಗಲಿ. ಕನ್ನಡದಲ್ಲಿ ಪಾಠ ನಡೆಯಲಿ, ಅದರ ಜೊತೆಗೆ ಮರಾಠಿ ಇಂಗ್ಲಿಷ್‌ಗಳನ್ನು ಮೊದಲ ವರ್ಷದಿಂದಲೇ ಗಟ್ಟಿಯಾಗಿ ಕಲಿಸಲಿ. ಈ ಊರಿನಲ್ಲಿ ಬದುಕುವವನಿಗೆ ಮೂರೂ ಬೇಕು. ಊರಿಗೆ ಹೋಗಿ ಬಂದ ಮಗುವಿನ ಹೆಸರು ಹೊಡೆಯದೆ, ತಪ್ಪಿದ ಪಾಠ ಹೇಳಿಕೊಡುವ ಏರ್ಪಾಡಾಗಲಿ.

ನಮ್ಮ ಕೆಲಸವೂ ಇದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲಿನಲ್ಲಿ ಗಿರಾಕಿ ಕಡಿಮೆ. ಆ ಹೊತ್ತಿಗೆ ಬಿಡುವಿರುವ ಸಂಗಾತಿಗಳು ವಾರಕ್ಕೆ ಒಂದು ದಿನ ಶಾಲೆಗೆ ಹೋಗಿ, ಮಕ್ಕಳಿಂದ ಒಂದು ಪುಟ ಓದಿಸಬಹುದು, ನಾಲ್ಕು ಲೆಕ್ಕ ಮಾಡಿಸಬಹುದು. ಏಳನೆಯದು ಓದಿದವನಿಗೆ ಅಷ್ಟು ಬಂದೇ ಬರುತ್ತದೆ. ಜೂನ್ ಬರುವ ಮೊದಲು ನಾಕಾಗಳಿಗೆ, ಬಿಡಾರಗಳಿಗೆ ಹೋಗಿ ಶಾಲೆಗೆ ಸೇರದ ಮಕ್ಕಳ ಪಟ್ಟಿ ಮಾಡೋಣ. ಮನಸ್ಸಿದ್ದವರು ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಮೊದಲ ಹೆಸರು ನಮ್ಮದೇ ಬರೆದಿದ್ದೇವೆ.